ಮೂರು ಲೋಟ ಗಂಜಿ ಮತ್ತು ಒಂದು ಮಾತ್ರೆ

(ನಮ್ಮೂರಿನ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಫಾರ್ಮಸಿ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ನನ್ನ ಕಸುಬು. ಅಂದು ಎದುರಿಗೆ ಹೈಸ್ಕೂಲು ಮಕ್ಕಳಿಂದ ಹಿಡಿದು ನಿವೃತ್ತ ಮೇಷ್ಟರವರೆಗೆ ಎಲ್ಲರೂ ಇದ್ದರು. ಬರೆಯುವಾಗ ಕೆಲವೆಡೆ ಮಾತು ತಿದ್ದಿದ್ದೇನೆ. ನಡುವೆ ಕರೆಂಟು ಹೋದ ಹತ್ತು ನಿಮಿಷ ಆಡಿದ್ದನ್ನು ಬಿಟ್ಟಿದ್ದೇನೆ, ಅದು ಹೆಚ್ಚಾಗಿ ಕರೆಂಟಿನ ಬಗ್ಗೆಯೇ ಇತ್ತು.)

ಮೇಜಿನ ಮೇಲೆ ಮೂರು ಗಾಜಿನ ಲೋಟಗಳಿವೆ. ಮೂರರಲ್ಲಿರುವುದೂ ಒಂದೇ: ಮಧ್ಯಾಹ್ನ ಮನೆಯಲ್ಲಿ ಅನ್ನ ಬಸಿದಾಗ ಬಂದ ಗಂಜಿಯ ತಿಳಿ. ಹತ್ತು ಪಾಲು ನೀರು ಬೆರೆಸಿ ತೆಳ್ಳಗೆ ಮಾಡಿ ತಂದಿದ್ದೇನೆ. ಈ ಪುಟ್ಟ ಸೀಸೆಯಲ್ಲಿ ಅಯೋಡಿನ್ ದ್ರಾವಣವಿದೆ. ಮೂರಕ್ಕೂ ಎರಡೆರಡು ಹನಿ ಬಿಡುತ್ತೇನೆ. ನೋಡಿ, ಶಾಯಿ ಚೆಲ್ಲಿದ ಹಾಗೆ ಕಡುನೀಲಿ.

ಇದನ್ನು ನೀವೆಲ್ಲ ಶಾಲೆಯಲ್ಲಿ ಆಲೂಗಡ್ಡೆಯ ಹೋಳಿನ ಮೇಲೆ ನೋಡಿದ್ದೀರಿ. ‘ಪಿಷ್ಟ ಇದೆ’ ಎಂದು ಬರೆದು, ಒಂದು ಅಂಕ ಪಡೆದು, ಮರೆತಿದ್ದೀರಿ. ಈ ನೀಲಿಯನ್ನು 1814ರಲ್ಲೇ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು, ಕೊಲಾಂ ಮತ್ತು ಗೋತಿಯೆ ದ ಕ್ಲೋಬ್ರಿ, ಬರೆದಿಟ್ಟಿದ್ದರು. ಏಕೆ ನೀಲಿ ಎಂಬುದು ತಿಳಿಯಲು ಮಾತ್ರ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಪಿಷ್ಟದಲ್ಲಿ ಎರಡು ಬಗೆಯ ಸರಪಳಿಗಳಿವೆ. ಒಂದು ಅಮೈಲೋಸ್, ಗ್ಲೂಕೋಸ್ ಮಣಿಗಳನ್ನು ಸಾಲಾಗಿ ಪೋಣಿಸಿದ ಉದ್ದ ದಾರ. ಇನ್ನೊಂದು ಅಮೈಲೋಪೆಕ್ಟಿನ್, ಗಿಡದ ಹಾಗೆ ಕವಲೊಡೆದದ್ದು. ಅಮೈಲೋಸ್ ದಾರ ನೀರಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಸ್ಪ್ರಿಂಗಿನಂತೆ ಸುತ್ತಿಕೊಳ್ಳುತ್ತದೆ. ಒಂದು ಸುತ್ತಿಗೆ ಆರು ಗ್ಲೂಕೋಸ್. ಸುತ್ತಿನ ಹೊರಮೈಗೆ ನೀರು ಇಷ್ಟ, ಒಳಗಿನ ಟೊಳ್ಳಿಗೆ ನೀರು ಆಗದು. ಅಯೋಡಿನ್ ಕೂಡ ನೀರಿನೊಂದಿಗೆ ಅಷ್ಟಾಗಿ ಬೆರೆಯುವ ಜಾತಿಯಲ್ಲ. ಅದು ಆ ಟೊಳ್ಳಿನೊಳಗೆ ನುಗ್ಗಿ ಸಾಲಾಗಿ ಕೂರುತ್ತದೆ. ಹಾಗೆ ಕೂತಾಗ ಕಾಣುವ ಬಣ್ಣ ಈ ನೀಲಿ.

ಅಂದರೆ ನೀವು ಈಗ ನೋಡುತ್ತಿರುವುದು ಸರಕು ಏರಿಸಿಕೊಂಡ ಗಾಡಿಯನ್ನು. ನೀರಿನಲ್ಲಿ ಕರಗಲು ಒಲ್ಲದ ಒಂದು ವಸ್ತುವನ್ನು ಪಿಷ್ಟ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು ನೀರಿನಲ್ಲಿ ತೇಲುತ್ತಿದೆ. ಅಯೋಡಿನ್ನಿನ ಜಾಗದಲ್ಲಿ ಔಷಧವನ್ನು ಕೂರಿಸಿದರೆ? ಇವತ್ತಿನ ನನ್ನ ವಿಷಯ ಅಷ್ಟೇ. ಅಯೋಡಿನ್ನೇ ಔಷಧವಲ್ಲವೇ ಎಂದು ಯಾರೋ ಹೇಳಿದರು. ನಿಜ. ಮಾರ್ಪಡಿಸಿದ ಪಿಷ್ಟದ ಮಣಿಗಳಲ್ಲಿ ಅಯೋಡಿನ್ ತುಂಬಿ, ಹಳೆಯ ಹುಣ್ಣುಗಳಿಗೆ ಹಚ್ಚುವ ಕ್ಯಾಡೆಕ್ಸೋಮರ್ ಅಯೋಡಿನ್ ಎಂಬ ಔಷಧ ಬಳಕೆಯಲ್ಲಿದೆ. ಹುಣ್ಣಿನ ರಸ ಹೀರಿ ಮಣಿ ಉಬ್ಬುತ್ತದೆ, ಅಯೋಡಿನ್ ನಿಧಾನವಾಗಿ ಹೊರಬರುತ್ತದೆ. ಆದರೆ ಅದು ಚರ್ಮದ ಮೇಲಿನ ಕೆಲಸ. ಬಾಯಿಂದ ಒಳಗೆ ಹೋಗುವ ಔಷಧದ ದಾರಿ ಅಷ್ಟು ಸಲೀಸಲ್ಲ.

ಮೊದಲ ಲೋಟವನ್ನು ಹಾಗೇ ಬಿಡೋಣ. ಎರಡನೆಯದನ್ನು ಕುದಿನೀರಿನ ಈ ಸ್ಟೀಲ್ ಪಾತ್ರೆಯಲ್ಲಿ ಇಳಿಸುತ್ತೇನೆ. ಗಾಜು ಸೀಳದಿರಲಿ ಎಂದು ಲೋಟವನ್ನು ಮೊದಲೇ ಬೆಚ್ಚಗೆ ಮಾಡಿದ್ದೇನೆ. ಕಳೆದ ಸಲ ಹೀಗೆ ಮಾಡಲು ಹೋಗಿ ಮೇಜುಬಟ್ಟೆಯೆಲ್ಲ ನೀಲಿಯಾಗಿತ್ತು. ಮೂರನೆಯ ಲೋಟಕ್ಕೆ ಒಬ್ಬರ ಉಗುಳು ಬೇಕು. ನಗಬೇಡಿ. ಮುಂದಿನ ಸಾಲಿನ ಈ ಹುಡುಗ ಧೈರ್ಯ ಮಾಡಿದ್ದಾನೆ, ಒಂದು ಚಮಚದಷ್ಟು ಸಾಕು. ಕಲಕಿ ಇಟ್ಟಿದ್ದೇನೆ. ಮಾತು ಮುಗಿಯುವ ಹೊತ್ತಿಗೆ ನೋಡೋಣ.

ಎರಡನೆಯ ಲೋಟ ನೋಡಿ, ನೀಲಿ ಮಾಯವಾಯಿತು. ಶಾಖಕ್ಕೆ ಸುರುಳಿ ಸಡಿಲಾಗಿ ಅಯೋಡಿನ್ ಹೊರಬಿದ್ದಿದೆ. ಈಗ ಹೊರಗೆ ತೆಗೆದು ತಣ್ಣೀರಿನಲ್ಲಿ ಇಡುತ್ತೇನೆ. ತಣಿದಂತೆಲ್ಲ ನೀಲಿ ಮರಳುತ್ತದೆ. ಸರಕು ಇಳಿಯಿತು, ಗಾಡಿ ಮುರಿಯಲಿಲ್ಲ. ಇದು ನೆನಪಿರಲಿ.

ನಾವು ನುಂಗುವ ಮಾತ್ರೆಗೂ ಪಿಷ್ಟಕ್ಕೂ ಹೊಸ ನಂಟೇನಲ್ಲ. ಮೆಕ್ಕೆಜೋಳದ ಪಿಷ್ಟವನ್ನು ಬಿಸಿನೀರಿನಲ್ಲಿ ಕದಡಿ ಗಂಜಿ ಮಾಡಿ, ಔಷಧದ ಪುಡಿಗೆ ಕಲಸಿ, ಉಂಡೆಕಾಳು ಮಾಡಿ, ಒಣಗಿಸಿ ಅಚ್ಚು ಒತ್ತುವುದು ಮಾತ್ರೆ ತಯಾರಿಕೆಯ ಹಳೆಯ ವಿಧಾನ. ನಮ್ಮಜ್ಜಿ ಹತ್ತಿ ಸೀರೆಗೆ ಹಾಕುತ್ತಿದ್ದ ಗಂಜಿಗೂ ಕಾರ್ಖಾನೆಯ ಆ ಪೇಸ್ಟಿಗೂ ದೊಡ್ಡ ಅಂತರವಿಲ್ಲ. ಒಣ ಪಿಷ್ಟವನ್ನು ಸೇರಿಸುವುದಕ್ಕೆ ಬೇರೆ ಕಾರಣ: ನೀರು ತಾಗಿದೊಡನೆ ಅದು ಉಬ್ಬಿ ಮಾತ್ರೆಯನ್ನು ಒಡೆಯುತ್ತದೆ. ಮನೆಗೆ ಹೋಗಿ ಸಾಮಾನ್ಯ ಜ್ವರದ ಮಾತ್ರೆಯೊಂದನ್ನು ನೀರಿನ ಲೋಟಕ್ಕೆ ಹಾಕಿ. ಕೆಲವೇ ನಿಮಿಷಗಳಲ್ಲಿ ಅದು ಗೋಡೆ ಕುಸಿದಂತೆ ಕುಸಿಯುತ್ತದೆ. ಬಹುಮಟ್ಟಿಗೆ ಇದು ಪಿಷ್ಟದ ಅಥವಾ ಅದರ ದಾಯಾದಿಗಳ ಕೆಲಸ.

ಇಲ್ಲಿ ಪಿಷ್ಟ ಕೂಲಿಯಾಳು. ಕಟ್ಟುತ್ತದೆ, ಒಡೆಯುತ್ತದೆ, ಔಷಧದ ಗುಣಕ್ಕೆ ಕೈಹಾಕುವುದಿಲ್ಲ. ಕಷ್ಟ ಬಂದಿರುವುದು ಹೊಸ ಔಷಧಗಳಿಂದ. ಇವತ್ತು ಪ್ರಯೋಗಾಲಯಗಳಲ್ಲಿ ಹುಟ್ಟುತ್ತಿರುವ ಅಣುಗಳಲ್ಲಿ ಬಹಳಷ್ಟು ನೀರಿನಲ್ಲಿ ಕರಗುವುದೇ ಇಲ್ಲ. ಕರಗದಿದ್ದರೆ ಕರುಳು ಹೀರುವುದಿಲ್ಲ, ಬೆಳಗ್ಗೆ ನುಂಗಿದ್ದು ಮರುದಿನ ಹೊರಗೆ. 1995ರಲ್ಲಿ ಅಮೆರಿಕದ ಗಾರ್ಡನ್ ಅಮಿಡಾನ್ ಮತ್ತು ಸಂಗಡಿಗರು ಔಷಧಗಳನ್ನು ನಾಲ್ಕು ವರ್ಗ ಮಾಡಿದರು: ಕರಗುತ್ತದೆಯೇ, ಕರುಳನ್ನು ದಾಟುತ್ತದೆಯೇ ಎಂಬ ಎರಡೇ ಪ್ರಶ್ನೆಗಳ ಮೇಲೆ. ಎರಡನೆಯ ವರ್ಗದವು ದಾಟಬಲ್ಲವು, ಆದರೆ ಕರಗಲಾರವು. ಗಾಡಿ ಬೇಕಾಗಿರುವುದು ಮುಖ್ಯವಾಗಿ ಇವಕ್ಕೆ.

ಕಣ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಹೆಚ್ಚು. ಕಲ್ಲುಸಕ್ಕರೆಗಿಂತ ಪುಡಿಸಕ್ಕರೆ ಬೇಗ ಕರಗುವುದು ಇದರಿಂದಲೇ. ಹಾಗಾಗಿ ಎಲ್ಲರೂ ನ್ಯಾನೋ ಎನ್ನುತ್ತಿದ್ದಾರೆ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಆ ಗಾತ್ರದ ಪಿಷ್ಟವನ್ನು ಮಾಡುವುದು ಹೇಗೆ ಎಂಬುದನ್ನು ಕೊಂಚ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನನ್ನ ಕೈ ಸುಟ್ಟಿದೆ.

ಮಲೆನಾಡು, ಕರಾವಳಿಯ ಕಡೆಯವರಿಗೆ ಕೂವೆ ಹಿಟ್ಟು ಮಾಡುವುದು ಗೊತ್ತು. ಗೆಡ್ಡೆ ತುರಿದು ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸುತ್ತಾರೆ. ಹಾಲಿನಂಥ ನೀರನ್ನು ಪಾತ್ರೆಯಲ್ಲಿ ಅಲುಗಾಡದಂತೆ ಇಡುತ್ತಾರೆ. ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ, ಮೇಲಿನ ಕಲಗಚ್ಚು ಚೆಲ್ಲಿ ಮತ್ತೆ ನೀರು ಹಾಕುತ್ತಾರೆ. ನಾಲ್ಕೈದು ಸಲ ಹೀಗೆ ತೊಳೆದು ಬಿಸಿಲಿಗೆ ಹರಡುತ್ತಾರೆ. ಬೆರಳಿನಲ್ಲಿ ಒತ್ತಿದರೆ ಕಿರ್‌ ಎನ್ನುವ ಆ ಹಿಟ್ಟಿನ ಒಂದೊಂದು ಕಾಳೂ ಸೂಕ್ಷ್ಮದರ್ಶಕದಡಿ ಮುತ್ತಿನಂತೆ ಬಿಡಿಬಿಡಿ. ಅಕ್ಕಿಯ ಪಿಷ್ಟದ ಕಾಳು 3ರಿಂದ 8 ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಎಂದರೆ ಸಾವಿರ ನ್ಯಾನೋಮೀಟರ್), ಮೆಕ್ಕೆಜೋಳದ್ದು ಸುಮಾರು 15, ಆಲೂಗಡ್ಡೆಯದು 100ರವರೆಗೂ ಹೋಗುತ್ತದೆ. ಕಾಳಿನೊಳಗೆ ಮರದ ಕಾಂಡದಲ್ಲಿರುವಂತೆ ಉಂಗುರಗಳಿವೆ. ಪ್ರತಿ ಉಂಗುರದಲ್ಲೂ ಗಟ್ಟಿ ಹರಳಿನ ಪದರ, ಮೆತ್ತನೆ ಪದರ, ಮತ್ತೆ ಗಟ್ಟಿ ಪದರ ಹೀಗೆ. ಒಂದು ಗಟ್ಟಿ, ಒಂದು ಮೆತ್ತನೆ ಸೇರಿ ಸುಮಾರು 9 ನ್ಯಾನೋಮೀಟರ್. ಅಂದರೆ ನ್ಯಾನೋ ಗಾತ್ರವನ್ನು ನಾವು ಹೊಸದಾಗಿ ಮಾಡಬೇಕಿಲ್ಲ. ಗಿಡ ಅದನ್ನು ಆಗಲೇ ಮಾಡಿಟ್ಟಿದೆ. ನಾವು ಮೆತ್ತನೆಯದನ್ನು ತೆಗೆದು ಗಟ್ಟಿಯದನ್ನು ಉಳಿಸಿಕೊಂಡರೆ ಸಾಕು.

1874ರಲ್ಲಿ ನೇಗೆಲಿ ಎಂಬ ವಿಜ್ಞಾನಿ ಪಿಷ್ಟವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಹಾಕಿ, ಎಷ್ಟು ದಿನವಾದರೂ ಕರಗದೆ ಉಳಿಯುವ ಒಂದು ಭಾಗವನ್ನು ಪಡೆದಿದ್ದ. ನ್ಯಾನೋ ಎಂಬ ಮಾತೇ ಇಲ್ಲದ ಕಾಲ. ಅದೇ ಉಪಾಯ ಇವತ್ತಿಗೂ ನಡೆಯುತ್ತಿದೆ, ಆಮ್ಲದ ಅಳತೆ ಮಾತ್ರ ಪಕ್ಕಾ ಆಗಿದೆ: 3.16 ಮೋಲಾರ್ ಸಲ್ಫ್ಯೂರಿಕ್ ಆಮ್ಲ, 40 ಡಿಗ್ರಿ ಶಾಖ, ಐದು ದಿನ, ಬಿಡದೆ ಕಲಕುತ್ತಿರಬೇಕು. ಅಮೈಲೋಸ್ ಇಲ್ಲವೇ ಇಲ್ಲ ಎನ್ನುವಂಥ ಅಂಟು ಮೆಕ್ಕೆಜೋಳದ ಪಿಷ್ಟ ಹಾಕಿದರೆ ಕೊನೆಗೆ 100 ಗ್ರಾಮಿಗೆ 15 ಗ್ರಾಂ ಚಿಲ್ಲರೆ ಉಳಿಯುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವು ಚಪ್ಪಟೆ ಬಿಲ್ಲೆಗಳು: ದಪ್ಪ 6ರಿಂದ 8 ನ್ಯಾನೋಮೀಟರ್, ಉದ್ದ 20ರಿಂದ 40. ಒಂದು ಸ್ವಾರಸ್ಯ ಹೇಳುತ್ತೇನೆ. 1996ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಆಲೆನ್ ದ್ಯುಫ್ರೆನ್ ಮತ್ತು ಸಂಗಡಿಗರು ಇಂಥ ಪಿಷ್ಟದ ಹರಳುಗಳ ಮೇಲೆ ಕೆಲಸ ಮಾಡಿದ್ದು ಔಷಧಕ್ಕಾಗಿ ಅಲ್ಲ, ರಬ್ಬರಿನಂಥ ಪಾಲಿಮರ್ ಹಾಳೆಗಳಿಗೆ ಬಲ ಕೊಡಲು. ಔಷಧದವರು ಆಮೇಲೆ ಬಂದು ಎರವಲು ಪಡೆದರು.

ಐದು ದಿನ ಕಾಯಲಾರದವರಿಗೆ ಇನ್ನೊಂದು ದಾರಿ ಇದೆ. ಪಿಷ್ಟವನ್ನು ಪೂರ್ತಿ ಬೇಯಿಸಿ ಕರಗಿಸಿ, ಆ ತಿಳಿಯನ್ನು ಹನಿಹನಿಯಾಗಿ ಆಲ್ಕೋಹಾಲಿಗೆ ಬಿಡುವುದು. ಆಲ್ಕೋಹಾಲಿನಲ್ಲಿ ಪಿಷ್ಟ ಕರಗದು. ಬಿದ್ದ ಹನಿಯೊಳಗಿನ ಸರಪಳಿಗಳು ದಿಕ್ಕೆಟ್ಟು ಮುದುಡಿಕೊಂಡು ಸಣ್ಣ ಸಣ್ಣ ಉಂಡೆಗಳಾಗುತ್ತವೆ. ಔಷಧವನ್ನು ಜೊತೆಗೇ ಬೆರೆಸಿದ್ದರೆ ಅದೂ ಒಳಗೆ ಸಿಕ್ಕಿಕೊಳ್ಳುತ್ತದೆ. ನಾನು ಇದನ್ನು ಮೊದಲ ಸಲ ಮಾಡಿದಾಗ ಬೀಕರಿನಲ್ಲಿ ತೆಳುವಾದ ನೀಲಿಛಾಯೆಯ ಮಬ್ಬು ಎದ್ದಿತು, ಚಳಿಗಾಲದ ಬೆಳಗಿನ ಮಂಜಿನ ಹಾಗೆ. ಕಣದ ಗಾತ್ರ ಅಳೆದರೆ 150 ನ್ಯಾನೋಮೀಟರಿನ ಆಸುಪಾಸು. ಖುಷಿಯಿಂದ ಇಡೀ ಬೀಕರನ್ನು ರಾತ್ರಿ ಒಣಗಿಸುವ ಓವನ್ನಿನಲ್ಲಿ ಇಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ತಳದಲ್ಲಿ ಗಾಜಿನಂಥ ಹಳದಿ ಚಕ್ಕೆ. ಉಗುರಿಗೆ ಜಗ್ಗದಷ್ಟು ಗಟ್ಟಿ. ಎಣ್ಣೆಗೆ ಹಾಕಿದ್ದರೆ ಸಂಡಿಗೆಯ ಹಾಗೆ ಅರಳುತ್ತಿತ್ತೇನೋ. ನೀರು ಆರುವಾಗ ಕಣಗಳು ಒಂದಕ್ಕೊಂದು ಅಂಟಿ ಮತ್ತೆ ಒಂದೇ ಮುದ್ದೆಯಾಗಿದ್ದವು. ಶೈತ್ಯದಲ್ಲಿ ಒಣಗಿಸಬೇಕು, ನಡುವೆ ಟ್ರೆಹಾಲೋಸ್‌ನಂಥ ಸಕ್ಕರೆ ಬೆರೆಸಿ ಕಣಗಳನ್ನು ದೂರ ಇಡಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಬೇರೆ, ಚಕ್ಕೆ ಕೆರೆದದ್ದು ಬೇರೆ.

ಮಾಡುವುದು ಹೀಗೆ. ಆದರೆ ಮಾಡಿದ್ದನ್ನು ನುಂಗಿದ ಮೇಲೆ ಏನಾಗುತ್ತದೆ?

ಬಾಯಲ್ಲೇ ಅಮೈಲೇಸ್ ಎಂಬ ಕಿಣ್ವ ಕಾದಿದೆ, ಮೂರನೆಯ ಲೋಟದಲ್ಲಿ ಈಗ ಅದರದೇ ಕೆಲಸ ನಡೆಯುತ್ತಿದೆ. ನುಂಗಿದರೆ ಜಠರದ ಆಮ್ಲ. ಅಲ್ಲಿ ಒಂದೆರಡು ಗಂಟೆ ಕಳೆದು ಸಣ್ಣ ಕರುಳಿಗೆ ಇಳಿದರೆ ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಅಮೈಲೇಸನ್ನು ಸುರಿಯುತ್ತದೆ. ನಮ್ಮ ಮೈ ಲಕ್ಷಾಂತರ ವರ್ಷಗಳಿಂದ ಪಿಷ್ಟವನ್ನು ಬಿಡಿಸುವುದರಲ್ಲಿ ಪಳಗಿದೆ. ಮುದ್ದೆಯನ್ನೇ ಅರಗಿಸುವ ಕರುಳಿಗೆ 150 ನ್ಯಾನೋಮೀಟರಿನ ಕಣ ಯಾವ ಲೆಕ್ಕ? ಸಣ್ಣದು ಮಾಡಿದಷ್ಟೂ ಕಿಣ್ವಕ್ಕೆ ಸಿಗುವ ಮೈಯೂ ಹೆಚ್ಚುತ್ತದೆ ಎಂಬುದನ್ನು ಮರೆಯುವಂತಿಲ್ಲ. ನ್ಯಾನೋ ಎಂಬುದು ಇಲ್ಲಿ ಎರಡಲಗಿನ ಕತ್ತಿ.

ಇಲ್ಲಿ ನನ್ನದೊಂದು ತಕರಾರು ಇದೆ, ನನ್ನ ಸಹೋದ್ಯೋಗಿಗಳಿಗೂ ಗೊತ್ತು. ಪಿಷ್ಟದ ನ್ಯಾನೋಕಣಗಳ ಮೇಲಿನ ಪ್ರಬಂಧ ಕೈಗೆ ಬಂದರೆ ನಾನು ಮೊದಲು ನೋಡುವುದು ಒಂದೇ ಸಾಲು: ಔಷಧ ಎಷ್ಟು ಹೊತ್ತಿಗೆ ಹೊರಬಂತು ಎಂದು ಪರೀಕ್ಷಿಸಿದ ನೀರಿನಲ್ಲಿ ಅಮೈಲೇಸ್ ಇತ್ತೇ ಇಲ್ಲವೇ? ಎಷ್ಟೋ ಸಲ ಇರುವುದಿಲ್ಲ. ಆಮ್ಲದ ನೀರಿನಲ್ಲಿ ಎರಡು ಗಂಟೆ, ಆಮೇಲೆ ಪಿಎಚ್ (ಆಮ್ಲ-ಕ್ಷಾರದ ಅಳತೆ) 6.8ರ ನೀರಿನಲ್ಲಿ ಹತ್ತು ಗಂಟೆ ಇಟ್ಟು, ‘ಔಷಧ ನಿಧಾನವಾಗಿ ಬಿಡುಗಡೆಯಾಯಿತು’ ಎಂದು ಚಂದದ ನಕ್ಷೆ ಬರೆದಿರುತ್ತಾರೆ. ಹುಲಿಯಿಲ್ಲದ ಕಾಡಿನಲ್ಲಿ ಕುರಿ ಕ್ಷೇಮವಾಗಿತ್ತು ಎಂದ ಹಾಗೆ. ಕಿಣ್ವ ಹಾಕಿ ನೋಡಿದವರ ನಕ್ಷೆ ಬೇರೆಯೇ ಇರುತ್ತದೆ.

ಹಾಗಾದರೆ ಅಮೈಲೇಸಿಗೆ ಬಗ್ಗದ ಪಿಷ್ಟ ಉಂಟೇ? ಉಂಟು. ನಿಮ್ಮ ಅಡುಗೆಮನೆಯಲ್ಲೇ ಉಂಟು. ರಾತ್ರಿ ಉಳಿದ ಅನ್ನ ಬೆಳಗ್ಗೆ ಬಿರುಸಾಗಿರುತ್ತದೆಯಲ್ಲ, ತಂಗಳನ್ನ? ಬೆಂದಾಗ ಬಿಚ್ಚಿಕೊಂಡ ಸರಪಳಿಗಳು ತಣ್ಣಗಾಗುತ್ತ ಮತ್ತೆ ಒಂದಕ್ಕೊಂದು ಹೆಣೆದುಕೊಂಡು ಹೊಸ ಹರಳುಗಳಾಗುತ್ತವೆ. ಆ ಹೆಣಿಗೆ ಬಿಗಿಯಾದ ಕಡೆ ಕಿಣ್ವಕ್ಕೆ ಕತ್ತರಿ ಹಾಕಲು ಸಂದು ಸಿಗುವುದಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗುವ ಇಂಥ ಪಿಷ್ಟವನ್ನು ಬ್ರಿಟನ್ನಿನ ಹಾನ್ಸ್ ಇಂಗ್ಲಿಸ್ಟ್ 1982ರಲ್ಲಿ ‘ನಿರೋಧಕ ಪಿಷ್ಟ’ ಎಂದು ಕರೆದರು. ತಂಗಳನ್ನದಲ್ಲಿ ಅದರ ಪಾಲು ಸ್ವಲ್ಪವೇ. ಅಮೈಲೋಸ್ ಹೆಚ್ಚಿರುವಂತೆ ಬೆಳೆಸಿದ ಮೆಕ್ಕೆಜೋಳದ ತಳಿಗಳಲ್ಲಿ ಬಹಳ ಹೆಚ್ಚು.

ಈ ನಿರೋಧಕ ಪಿಷ್ಟ ದೊಡ್ಡ ಕರುಳಿಗೆ ಇಳಿದಾಗ ಆಟ ಬದಲಾಗುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಇದು ಹಬ್ಬದೂಟ. ಅವು ಇದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಆ ಆಮ್ಲಗಳನ್ನು ಹೀರುವಾಗ ದೊಡ್ಡ ಕರುಳು ಉಪ್ಪನ್ನೂ ನೀರನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಇದನ್ನು ಹಿಡಿದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಮಾಡಿದ ಕೆಲಸ ನನಗೆ ಈ ಇಡೀ ಕ್ಷೇತ್ರದಲ್ಲೇ ಅಚ್ಚುಮೆಚ್ಚು. ಕಾಲರಾ ಬಂದ 48 ಮಂದಿಯನ್ನು 16ರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಓಆರ್‌ಎಸ್. ಇನ್ನೊಂದಕ್ಕೆ ಲೀಟರಿಗೆ 50 ಗ್ರಾಂ ಅಕ್ಕಿಹಿಟ್ಟು ಸೇರಿಸಿದ ಓಆರ್‌ಎಸ್. ಮೂರನೆಯದಕ್ಕೆ ಅಷ್ಟೇ ತೂಕದ ನಿರೋಧಕ ಮೆಕ್ಕೆಜೋಳ ಪಿಷ್ಟ. ಮೂರನೆಯ ಗುಂಪಿನವರಿಗೆ ಭೇದಿ ಬೇಗ ನಿಂತಿತು, ಮಲದಲ್ಲಿ ಹೋದ ನೀರೂ ಕಡಿಮೆ. 2000ದಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು.

ಗಮನಿಸಿ, ಇಲ್ಲಿ ನ್ಯಾನೋ ಏನೂ ಇಲ್ಲ. ಬರೀ ಹಿಟ್ಟು. ಆದರೆ ಅಕ್ಕಿಹಿಟ್ಟೂ ಪಿಷ್ಟವೇ, ಮೆಕ್ಕೆಜೋಳದ್ದೂ ಪಿಷ್ಟವೇ, ತೂಕವೂ ಒಂದೇ. ಒಂದು ಸಣ್ಣ ಕರುಳಿನಲ್ಲೇ ಕರಗಿ ಸಕ್ಕರೆಯಾಯಿತು, ಇನ್ನೊಂದು ಸರಕನ್ನು ದೊಡ್ಡ ಕರುಳಿನವರೆಗೂ ಹೊತ್ತು ಹೋಯಿತು. ಎಲ್ಲಿ ಇಳಿಸಬೇಕು ಎಂಬುದನ್ನು ತೀರ್ಮಾನಿಸಿದ್ದು ಕಣದ ಗಾತ್ರಕ್ಕಿಂತ ಸರಪಳಿಯ ಹೆಣಿಗೆ. ನಾನು ಇಷ್ಟು ದೂರ ಬಂದು ಹೇಳಬೇಕೆಂದಿದ್ದ ಮಾತು ಇದೊಂದೇ. ಜಾಹೀರಾತಿನಲ್ಲಿ ಗಾತ್ರ ಮೆರೆಯುತ್ತದೆ, ಹೊಟ್ಟೆಯಲ್ಲಿ ನಡೆಯುವುದು ಹೆಣಿಗೆಯ ಮಾತು.

ಈ ತಿಳಿವಳಿಕೆ ಮಾತ್ರೆಯ ಅಂಗಡಿಗೂ ಬಂದಿದೆ. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆಗೆ ಮೆಸಲಜಿನ್ ಎಂಬ ಔಷಧ ಕೊಡುತ್ತಾರೆ. ಅದು ಮೇಲೆಯೇ ಹೀರಿಹೋದರೆ ಪ್ರಯೋಜನವಿಲ್ಲ, ಕೆಳಗೆ ಹುಣ್ಣಿರುವ ಜಾಗಕ್ಕೇ ಹೋಗಬೇಕು. ಮೊದಲೆಲ್ಲ ಕ್ಷಾರ ಹೆಚ್ಚಾದಾಗ ಕರಗುವ ಲೇಪ ಹಾಕುತ್ತಿದ್ದರು. ಆದರೆ ಕರುಳಿನ ಪಿಎಚ್ ಎಲ್ಲರಲ್ಲೂ ಒಂದೇ ಅಲ್ಲ, ಕೆಲವರಲ್ಲಿ ಮಾತ್ರೆ ಇಡಿಯಾಗಿಯೇ ಹೊರಬೀಳುತ್ತಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಅಬ್ದುಲ್ ಬಾಸಿತ್ ಅವರ ತಂಡ ಆ ಲೇಪಕ್ಕೆ ನಿರೋಧಕ ಪಿಷ್ಟವನ್ನು ಬೆರೆಸಿತು. ಪಿಎಚ್ ಕೈಕೊಟ್ಟರೂ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಪಿಷ್ಟವನ್ನು ತಿಂದು ಲೇಪದಲ್ಲಿ ತೂತು ಮಾಡುತ್ತವೆ. ಒಂದು ಬೀಗಕ್ಕೆ ಎರಡು ಕೀಲಿಕೈ. ಯುರೋಪಿನಲ್ಲಿ 1600 ಮಿಲಿಗ್ರಾಂ ಮೆಸಲಜಿನ್ ಮಾತ್ರೆ ಈ ಬಗೆಯ ಲೇಪದೊಂದಿಗೆ ಮಾರಾಟದಲ್ಲಿದೆ.

ಈಗ ನಿಜವಾಗಿಯೂ ನ್ಯಾನೋ ಆದ ಒಂದಕ್ಕೆ ಬರುತ್ತೇನೆ. 1891ರಲ್ಲಿ ಫ್ರಾನ್ಸಿನ ವಿಲ್ಯೇ ಆಲೂಗಡ್ಡೆ ಪಿಷ್ಟವನ್ನು ಬ್ಯಾಕ್ಟೀರಿಯಾಗಳಿಗೆ ಉಣಬಡಿಸಿ, 1000 ಗ್ರಾಂ ಪಿಷ್ಟದಿಂದ 3 ಗ್ರಾಂ ಹರಳು ಪಡೆದರು. ಆಮೇಲೆ ಆಸ್ಟ್ರಿಯಾದ ಶಾರ್ಡಿಂಗರ್ ಅದರ ಬೆನ್ನುಹತ್ತಿದರು. ಅದು ಸೈಕ್ಲೋಡೆಕ್ಸ್‌ಟ್ರಿನ್: ಪಿಷ್ಟದ ಸುರುಳಿಯಿಂದ ಒಂದು ಸುತ್ತನ್ನು ಕತ್ತರಿಸಿ ತುದಿಗೆ ತುದಿ ಸೇರಿಸಿ ಬಳೆ ಮಾಡಿದ ಹಾಗೆ. 6, 7 ಅಥವಾ 8 ಗ್ಲೂಕೋಸಿನ ಬಳೆ. ಏಳರದ್ದರ ಒಳಟೊಳ್ಳು 0.6 ನ್ಯಾನೋಮೀಟರಿಗೆ ಸ್ವಲ್ಪ ಹೆಚ್ಚು. ಮೊದಲ ಲೋಟದ ನೀಲಿಯಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತದೆ, ಕರಗದ ಔಷಧದ ಅಣು ಬಳೆಯೊಳಗೆ ತೂರಿ ಕೂರುತ್ತದೆ. ತುದಿಯೇ ಇಲ್ಲದ್ದರಿಂದ ಅಮೈಲೇಸಿಗೂ ಇದು ಸುಲಭದ ತುತ್ತಲ್ಲ. 1976ರಲ್ಲಿ ಜಪಾನಿನಲ್ಲಿ ಇಂಥ ಮೊದಲ ಔಷಧ ಮಾರುಕಟ್ಟೆಗೆ ಬಂತು.

ಶಿಲೀಂಧ್ರದ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ನೀರಿನಲ್ಲಿ ಬಹುತೇಕ ಕರಗದ ಔಷಧ. ಅದನ್ನು ಮಾರ್ಪಡಿಸಿದ ಸೈಕ್ಲೋಡೆಕ್ಸ್‌ಟ್ರಿನ್ನಿನಲ್ಲಿ ಕೂರಿಸಿ ದ್ರವರೂಪಕ್ಕೆ ತಂದಿದ್ದಾರೆ. ಈ ಗಾಡಿಯ ಲೆಕ್ಕ ಕೇಳಿ: ಒಂದು ಮಿಲಿಲೀಟರಿನಲ್ಲಿ ಔಷಧ 10 ಮಿಲಿಗ್ರಾಂ, ಸೈಕ್ಲೋಡೆಕ್ಸ್‌ಟ್ರಿನ್ 400 ಮಿಲಿಗ್ರಾಂ. ಒಬ್ಬ ಪ್ರಯಾಣಿಕನಿಗೆ ನಲವತ್ತು ಬಸ್ಸು. ಬಸ್ಸುಗಳು ರಕ್ತಕ್ಕೆ ಹೋಗುವುದಿಲ್ಲ, ಕರುಳಿನಲ್ಲೇ ಉಳಿದು ಕೆಲವರಿಗೆ ಭೇದಿ ತರಿಸುತ್ತವೆ. ಔಷಧ ಹೊರುವ ಕಣಗಳ ಬಗ್ಗೆ ಕೇಳಿದಾಗಲೆಲ್ಲ ಈ ಲೆಕ್ಕ ಹಾಕುವುದು ಒಳ್ಳೆಯದು. 100 ಮಿಲಿಗ್ರಾಂ ಕಣ 5 ಮಿಲಿಗ್ರಾಂ ಔಷಧ ಹೊರುತ್ತದೆ ಎಂದುಕೊಳ್ಳಿ. 500 ಮಿಲಿಗ್ರಾಮಿನ ಜ್ವರದ ಔಷಧಕ್ಕೆ 10 ಗ್ರಾಂ ಕಣ ನುಂಗಬೇಕು. ಮಾತ್ರೆ ಎನ್ನುವುದಕ್ಕಿಂತ ಅದನ್ನು ಉಪಾಹಾರ ಎನ್ನಬೇಕಾಗುತ್ತದೆ.

ಇನ್ನು ಎಲ್ಲರೂ ಕೇಳುವ ದೊಡ್ಡ ಆಸೆ: ಕಣವೇ ಇಡಿಯಾಗಿ ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗಬಾರದೇಕೆ? ಇದಕ್ಕೊಂದು ಹಳೆಯ ಕಥೆ ಇದೆ, ಅದರ ನಾಯಕಿಯ ಹೆಸರು ನಮ್ಮ ಪಠ್ಯಗಳಲ್ಲಿ ನಾನು ಕಂಡಿಲ್ಲ. ರಾಹೆಲ್ ಹಿರ್ಷ್, ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ವೈದ್ಯೆ. 1906ರಲ್ಲಿ ಆಕೆ ತಿನ್ನಿಸಿದ ಪಿಷ್ಟದ ಕಾಳುಗಳು ಹಾಗೇ ಇಡಿಯಾಗಿ ರಕ್ತದಲ್ಲೂ ಮೂತ್ರದಲ್ಲೂ ಕಾಣುತ್ತವೆ ಎಂದು ಪ್ರಕಟಿಸಿದರು. ಮರುವರ್ಷ ಆಸ್ಪತ್ರೆಯ ವೈದ್ಯರ ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಅಷ್ಟು ದೊಡ್ಡ ಕಾಳು ಕರುಳಿನ ಗೋಡೆಯನ್ನು ದಾಟುವುದುಂಟೇ ಎಂದು. 1913ರಲ್ಲಿ ಆಕೆ ಪ್ರಶ್ಯಾದಲ್ಲಿ ವೈದ್ಯಶಾಸ್ತ್ರದ ಪ್ರೊಫೆಸರ್ ಪದವಿ ಪಡೆದ ಮೊದಲ ಮಹಿಳೆಯಾದರು. ಯಹೂದಿಯಾದ್ದರಿಂದ 1938ರಲ್ಲಿ ಲಂಡನ್ನಿಗೆ ಓಡಿಹೋಗಬೇಕಾಯಿತು. ಅಲ್ಲಿ ಅವರ ವೈದ್ಯಪದವಿಗೆ ಬೆಲೆ ಇರಲಿಲ್ಲ, ಪ್ರಯೋಗಾಲಯದ ಸಹಾಯಕಿಯಾಗಿ, ಅನುವಾದಕಿಯಾಗಿ ದುಡಿದರು. 1953ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ನಂತರ ಅದೇ ಶಾರಿಟೆಯ ಗೆರ್ಹಾರ್ಡ್ ಫೋಲ್ಕ್‌ಹೈಮರ್ ಆ ಪ್ರಯೋಗವನ್ನು ಮತ್ತೆ ಮಾಡಿ, ಆಕೆ ಕಂಡದ್ದು ನಿಜ ಎಂದು ಹೇಳಿ, ಅದಕ್ಕೆ ಹಿರ್ಷ್ ಪರಿಣಾಮ ಎಂದು ಹೆಸರಿಟ್ಟರು.

ಹೀಗಾಗಿ ಕಣ ದಾಟುತ್ತದೆ, ಸರಿ. ಎಷ್ಟು ದಾಟುತ್ತದೆ ಎಂಬುದು ಬೇರೆ ಪ್ರಶ್ನೆ. ಸೂಕ್ಷ್ಮದರ್ಶಕದಡಿ ಒಂದು ಕಾಳು ಕಂಡರೂ ಸಾಕು ‘ಕಂಡೆ’ ಎನ್ನಲು. ಔಷಧ ಕೆಲಸ ಮಾಡಲು ಅದು ಸಾಲದು. ಇವತ್ತು ಕಣಕ್ಕೆ ಹೊಳೆಯುವ ಬಣ್ಣ ಕಟ್ಟಿ, ಕರುಳಿನ ಕೋಶದೊಳಗೆ ಹಸಿರು ಹೊಳಪು ಕಂಡೊಡನೆ ಕಣ ಹೊಕ್ಕಿತು ಎನ್ನುತ್ತಾರೆ. ಬಣ್ಣ ಕಣದಿಂದ ಕಳಚಿಕೊಂಡು ಒಂಟಿಯಾಗಿ ಹೊಕ್ಕಿರಬಹುದಲ್ಲ? ಕರುಳಿನ ಮೇಲಿನ ಲೋಳೆ ಬಲೆಯ ಹಾಗೆ, ಬಂದದ್ದನ್ನೆಲ್ಲ ಹಿಡಿದು ಸಾಗಹಾಕುತ್ತಲೇ ಇರುತ್ತದೆ. ಇನ್ಸುಲಿನ್ ಮಾತ್ರೆಗಾಗಿ ಪಿಷ್ಟದ ಕಣಗಳನ್ನೂ ಸೇರಿಸಿ ಎಷ್ಟೋ ಬಗೆಯ ಗಾಡಿಗಳನ್ನು ಕಟ್ಟಿ ನೋಡಿದ್ದಾರೆ, ಚುಚ್ಚುಮದ್ದು ಇನ್ನೂ ತಪ್ಪಿಲ್ಲ. 2019ರಲ್ಲಿ ಅಮೆರಿಕದಲ್ಲಿ ಮಧುಮೇಹಕ್ಕೆ ಸೆಮಾಗ್ಲುಟೈಡ್ ಎಂಬ ಪೆಪ್ಟೈಡಿನ (ಪ್ರೋಟೀನಿನ ಪುಟ್ಟ ತುಂಡಿನಂಥ ಅಣು) ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದನ್ನು ದಾಟಿಸುವುದು ಜೊತೆಗಿಟ್ಟ ಒಂದು ಸಣ್ಣ ರಾಸಾಯನಿಕ, ಅಲ್ಲಿ ಯಾವ ನ್ಯಾನೋಕಣವೂ ಇಲ್ಲ. ಆದರೂ ನುಂಗಿದ್ದರಲ್ಲಿ ರಕ್ತ ಸೇರುವುದು ನೂರಕ್ಕೆ ಒಂದರಷ್ಟು. ವಾರಕ್ಕೊಂದು ಸಲ 1 ಮಿಲಿಗ್ರಾಂ ಚುಚ್ಚಿಸಿಕೊಳ್ಳುವ ಕಡೆ, ಮಾತ್ರೆಯಾದರೆ ದಿನಕ್ಕೆ 14 ಮಿಲಿಗ್ರಾಂವರೆಗೆ ಬೇಕು.

ನಾನಿಲ್ಲಿ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ನಿವೃತ್ತ ಮೇಷ್ಟರೊಬ್ಬರು ಕೇಳಿದರು: “ನನಗೆ ಸಕ್ಕರೆ ಕಾಯಿಲೆ. ದಿನಕ್ಕೆ ಐದು ಮಾತ್ರೆ ನುಂಗುತ್ತೇನೆ. ಅವುಗಳಲ್ಲಿನ ಪಿಷ್ಟದಿಂದ ಸಕ್ಕರೆ ಏರುತ್ತದೆಯೇ?” ಸರ್, ಐದೂ ಮಾತ್ರೆಗಳ ಪಿಷ್ಟ ಸೇರಿಸಿದರೂ ಒಂದು ಇಡ್ಲಿಯ ಸಮಕ್ಕೆ ಬರುವುದಿಲ್ಲ. ಮಾತ್ರೆ ಬಿಡಬೇಡಿ. ಇಡ್ಲಿಯ ಲೆಕ್ಕ ಇಡಿ.

ಹಿಂದಿನ ಸಾಲಿನ ಒಬ್ಬ ತಾಯಿ: “ನ್ಯಾನೋ ಅರಿಶಿನ ಎಂದು ಮಾತ್ರೆ ಮಾರುತ್ತಾರೆ. ಮಂಡಿನೋವಿಗೆ ತೆಗೆದುಕೊಳ್ಳಲೇ?” ಅಮ್ಮ, ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಕರುಳು ಹೀರುವುದೂ ತೀರ ಕಡಿಮೆ. ಅದಕ್ಕೇ ಪಿಷ್ಟವೂ ಸೇರಿದಂತೆ ಎಲ್ಲ ಗಾಡಿಗಳನ್ನೂ ಮೊದಲು ಅದರ ಮೇಲೆಯೇ ಪ್ರಯೋಗಿಸುತ್ತಾರೆ. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಿತು ಎಂದರೆ ನೋವು ಕಡಿಮೆಯಾಯಿತು ಎಂದಲ್ಲ. ಹೀರುವಿಕೆ ಹೆಚ್ಚಿಸಿದ ಅರಿಶಿನದ ಮಾತ್ರೆಗಳನ್ನು ತಿಂದ ಕೆಲವರಿಗೆ ಯಕೃತ್ತು ಕೆಟ್ಟ ಪ್ರಕರಣಗಳು ಇಟಲಿಯಲ್ಲಿ, ಅಮೆರಿಕದಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಅರಿಶಿನಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಕೊನೆಯ ಪ್ರಶ್ನೆ ಒಂಬತ್ತನೆಯ ತರಗತಿಯ ಹುಡುಗಿಯದು. ಅಷ್ಟರಲ್ಲಿ ಎಲ್ಲರ ಕಣ್ಣೂ ಮೂರನೆಯ ಲೋಟದ ಮೇಲಿತ್ತು. ನೀಲಿ ಪೂರ್ತಿ ಹೋಗಿ ಬಣ್ಣವಿಲ್ಲದ ನೀರು ನಿಂತಿತ್ತು. ನಾನು ಹೆಮ್ಮೆಯಿಂದ, ನೋಡಿ, ಅಮೈಲೇಸ್ ಪಿಷ್ಟವನ್ನು ತಿಂದುಹಾಕಿದೆ ಎಂದೆ. ಆಕೆ ಎದ್ದು ನಿಂತು ಕೇಳಿದಳು: “ಮೇಡಂ, ಉಗುಳು ಪಿಷ್ಟವನ್ನು ತಿಂದಿತೋ ಅಯೋಡಿನ್ನನ್ನು ತಿಂದಿತೋ? ಪಿಷ್ಟ ಅಲ್ಲೇ ಇದ್ದು ಅಯೋಡಿನ್ ಮಾತ್ರ ಹಾಳಾಗಿದ್ದರೂ ನೀಲಿ ಹೋಗುತ್ತದಲ್ಲ?”

ಹೋಗುತ್ತದೆ. ಅರ್ಧ ಗಂಟೆಯಿಂದ ಬೇರೆಯವರ ಪ್ರಯೋಗಗಳಲ್ಲಿ ಹುಳುಕು ಹುಡುಕುತ್ತಿದ್ದವಳಿಗೆ ನನ್ನದೇ ಲೋಟ ಕಾಣಿಸಿರಲಿಲ್ಲ. ಉಗುಳಿನಲ್ಲಿ ಅಯೋಡಿನ್ನಿನ ಬಣ್ಣ ಕಳೆಯಬಲ್ಲ ವಸ್ತುಗಳೂ ಇರುತ್ತವೆ. ಸೀಸೆಯನ್ನು ಅವಳ ಕೈಗೆ ಕೊಟ್ಟೆ. ಮೊದಲ ಹನಿ ಬಿದ್ದಾಗ ಹಳದಿ ಎದ್ದು ಮಾಯವಾಯಿತು. ಎರಡನೆಯದೂ ಹಾಗೇ. ಮೂರನೆಯ ಹನಿಗೆ ಬಣ್ಣ ನಿಂತಿತು: ಕಂದುಗೆಂಪು, ಡಿಕಾಕ್ಷನ್‌ಗೆ ನೀರು ಬೆರೆಸಿದ ಹಾಗೆ. ನೀಲಿ ಬರಲಿಲ್ಲ. ಸರಪಳಿಗಳು ತುಂಡಾಗಿದ್ದವು, ಆದರೆ ಪೂರ್ತಿ ಸಕ್ಕರೆಯಾಗಿರಲಿಲ್ಲ. ಅವಳು ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು, ಇನ್ನೊಂದು ಗಂಟೆ ಬಿಟ್ಟರೆ ಈ ಕೆಂಪೂ ಹೋಗುತ್ತದೆಯೇ ಎಂದು ಕೇಳಿದಳು. ಗ್ರಂಥಾಲಯದವರು ಬಾಗಿಲು ಹಾಕುವ ಹೊತ್ತಾಗಿತ್ತು. ಲೋಟವನ್ನು ಅವಳೇ ಮನೆಗೆ ತೆಗೆದುಕೊಂಡು ಹೋದಳು.